ಪಂಚಾಕ್ಷರಯ್ಯನವರ ಸಾವಿರದ ನೂರ ನಲವತ್ತು ಕಾರ್ಡುಗಳು

ಪಂಚಾಕ್ಷರಯ್ಯನವರಿಗೆ ರಷ್ಯನ್ ಮಾತಾಡಲು ಒಬ್ಬರೂ ಜೊತೆ ಇರಲಿಲ್ಲ. ಮಾಗಡಿ, ಚನ್ನಪಟ್ಟಣ, ಕನಕಪುರದ ಕಾಲೇಜು ಗ್ರಂಥಾಲಯಗಳಲ್ಲಿ ಮೂವತ್ತೆರಡು ವರ್ಷ ದುಡಿದು ಈಗ ನಿವೃತ್ತರಾಗುತ್ತಿರುವ ಅವರನ್ನು ಜಿಲ್ಲೆಯ ಓದುಗರು ಬಲ್ಲದ್ದು ಶಿಸ್ತಿನ ಗ್ರಂಥಪಾಲಕರೆಂದು. ಅವರ ಇನ್ನೊಂದು ಭಾಷೆಯನ್ನು ಬಲ್ಲವರು ಬೆರಳೆಣಿಕೆಯಷ್ಟು.

ಮಾಗಡಿ ಹತ್ತಿರದ ಕಲ್ಯದ ರೈತರ ಮನೆಯಲ್ಲಿ ಹುಟ್ಟಿದ ಅವರು ಬೆಂಗಳೂರಿನ ಸಂಜೆ ತರಗತಿಯೊಂದರಲ್ಲಿ ಮೂರು ವರ್ಷ ರಷ್ಯನ್ ಕಲಿತದ್ದು ಅನುವಾದಕರಾಗಬೇಕೆಂದು. ಕಲಿತು ಮುಗಿಸುವಷ್ಟರಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು, ಅದರೊಂದಿಗೆ ಕೆಲಸದ ಆಸೆಯೂ ಹೋಯಿತು. ಭಾಷೆಯನ್ನು ಮಾತ್ರ ಅವರು ಬಿಡಲಿಲ್ಲ. ದಿನಾ ಬೆಳಿಗ್ಗೆ ಗಿಡಗಳಿಗೆ ನೀರು ಹಾಕುತ್ತಾ ತಾವೇ ಪ್ರಶ್ನೆ ಕೇಳಿ ತಾವೇ ಉತ್ತರ ಹೇಳಿಕೊಳ್ಳುತ್ತಿದ್ದರು. ಪತ್ನಿ ಗಿರಿಜಾಂಬನವರು ಅದಕ್ಕೆ ‘ಗಿಡದ ಭಾಷೆ’ ಎಂದು ಹೆಸರಿಟ್ಟಿದ್ದರು.

ಎಂಟು ವರ್ಷದ ಹಿಂದೆ ದೊಡ್ಡಆಲಹಳ್ಳಿಯ ಕವನ, ರಷ್ಯಾದಲ್ಲಿ ವೈದ್ಯಕೀಯ ಓದಲು ಸೀಟು ಸಿಕ್ಕಿದೆ, ಅಲ್ಲಿನ ಭಾಷೆ ಕಲಿಯಲು ಪುಸ್ತಕವಿದೆಯೇ ಎಂದು ಕೇಳಿಕೊಂಡು ಕನಕಪುರದ ಗ್ರಂಥಾಲಯಕ್ಕೆ ಬಂದಳು. ಪುಸ್ತಕ ಇರಲಿಲ್ಲ. ಪಂಚಾಕ್ಷರಯ್ಯನವರು ಒಂದು ಕುರ್ಚಿ ಎಳೆದು ಕೊಟ್ಟರು. ಅಂದಿನಿಂದ ಏಳು ತಿಂಗಳು, ಪ್ರತಿದಿನ ತಮ್ಮ ಊಟದ ಬಿಡುವಿನಲ್ಲಿ ಅವಳಿಗೆ ಕಲಿಸಿದರು. ಊಟದ ಡಬ್ಬಿ ಎಷ್ಟೋ ದಿನ ತೆರೆಯದೆಯೇ ಮನೆಗೆ ಹೋಗುತ್ತಿತ್ತು.

ಅವರ ಕ್ರಮವೇ ಬೇರೆ. ಗ್ರಂಥಾಲಯಕ್ಕೆ ಕಂಪ್ಯೂಟರ್ ಬಂದಾಗ ಕಸಕ್ಕೆ ಹೋಗಬೇಕಿದ್ದ ಹಳೆಯ ಸೂಚಿ ಕಾರ್ಡುಗಳನ್ನು ಅವರು ಎತ್ತಿಟ್ಟಿದ್ದರು. ಅವುಗಳ ಖಾಲಿ ಬೆನ್ನಿನ ಮೇಲೆ ಮೇಲುಗಡೆ ರಷ್ಯನ್ ಪದ, ಕೆಳಗಡೆ ಕನ್ನಡ. ಆ ಕನ್ನಡ ನಿಘಂಟಿನದಾಗಬಾರದು, ಮನೆಯವರ ಬಾಯಿಂದ ಬಂದಿರಬೇಕು. ವಾರಕ್ಕೆ ಹತ್ತು ಪದ ತರಲು ಕವನಳನ್ನು ಅಜ್ಜಿ ಕಾವೇರಮ್ಮನ ಹತ್ತಿರ ಅಟ್ಟುತ್ತಿದ್ದರು. ‘ನೋವು’ ಎಂದು ಒಂದೇ ಪದ ಬರೆದುಕೊಂಡು ಬಂದ ದಿನ ಕಾರ್ಡು ವಾಪಸು ಕೊಟ್ಟರು.

“ಕಾಯಿಲೆಯೋರು ಬರೀ ನೋವು ಅನ್ನಲ್ಲ ಕಣಮ್ಮ. ಚಳುಕು ಅಂತಾರೆ, ಜೋಮು ಅಂತಾರೆ, ಸೆಳೆತ ಅಂತಾರೆ. ಅಲ್ಲಿ ಮುದುಕೀರ್ಗೂ ಹಂಗೇ ಇರ್ತವೆ. ಹೋಗು, ನಿಮ್ಮಜ್ಜೀನ ಇನ್ನೊಸಿ ಕೇಳ್ಕೊಂಡ್ ಬಾ.”

ಕವನ ರಷ್ಯಾದಲ್ಲಿದ್ದ ಆರು ವರ್ಷವೂ ಭಾನುವಾರಕ್ಕೊಮ್ಮೆ ಫೋನಿನಲ್ಲಿ ಅವರಿಗೆ ಹೊಸ ಪದ ಹೇಳುತ್ತಿದ್ದಳು. ಕಾರ್ಡುಗಳು ಸಾವಿರ ದಾಟಿದವು. ಅವರಿಗೆ ಕೊನೆಗೂ ಜೊತೆಗೆ ಒಬ್ಬಳು ಸಿಕ್ಕಿದ್ದಳು.

ಕಳೆದ ವರ್ಷ ಅವರಿಗೆ ಪಾರ್ಶ್ವವಾಯು ಬಡಿಯಿತು. ಜೀವ ಉಳಿಯಿತು, ಮಾತು ಹೋಯಿತು ಎಂದರು ರಾಮನಗರದ ಆಸ್ಪತ್ರೆಯಲ್ಲಿ. ಬಾಯಿಂದ ಏನೋ ಬರುತ್ತಿತ್ತು, ಬಡಬಡಿಕೆ ಎಂದು ಎಲ್ಲರೂ ಸುಮ್ಮನಿದ್ದರು. ಎರಡನೆಯ ದಿನ ಗಿರಿಜಾಂಬನವರು ಕಿವಿಗೊಟ್ಟು ಕೇಳಿ, ಊರಿಗೆ ಮರಳಿ, ಇಲ್ಲಿ ವೈದ್ಯೆಯಾಗಲು ಬರೆಯಬೇಕಾದ ಅರ್ಹತಾ ಪರೀಕ್ಷೆಗೆ ಓದುತ್ತಿದ್ದ ಕವನಳಿಗೆ ಫೋನು ಮಾಡಿದರು.

“ಬಡಬಡಿಕೆ ಅಲ್ಲ ಕಣವ್ವ, ಗಿಡದ ಭಾಷೆ. ನಂಗೆ ಅರ್ಥ ಆಗಲ್ಲ, ಗುರ್ತು ಸಿಗ್ತೈತೆ. ಒಸಿ ಬಂದ್ಬುಡು.”

ಕವನ ಬಂದು ಹಾಸಿಗೆಯ ಪಕ್ಕ ಕೂತು ಆಲಿಸಿದಳು. ಎರಡು ದಿನದಿಂದ ಅವರು ಕೇಳುತ್ತಿದ್ದದ್ದು ಕಿಟಕಿ ತೆರೆಯಿರಿ ಎಂದು. ಅವಳು ಎದ್ದು ಕಿಟಕಿ ತೆರೆದು ರಷ್ಯನ್ನಿನಲ್ಲೇ ಸಾಕೇ ಎಂದಳು. ಸಾಕು ಎಂದರು. ಹುಟ್ಟಿದಂದಿನ ಭಾಷೆ ತಪ್ಪಿಹೋಗಿ, ಕಲಿತ ಭಾಷೆ ಉಳಿದುಕೊಂಡಿತ್ತು. ಕನ್ನಡ ಮರಳುತ್ತದೋ ಇಲ್ಲವೋ, ಯಾರೂ ಖಚಿತವಾಗಿ ಹೇಳಲಿಲ್ಲ.

ಆ ಸಂಜೆಯೇ ಅವರು “ಗಿರಿಜಾ” ಎಂದು ಕರೆದರು. ಗಿರಿಜಾಂಬನವರು ಯಾರೋ ನೆಂಟರು ಬಂದರೆಂದು ಬಾಗಿಲ ಕಡೆ ತಿರುಗಿ ನೋಡಿದರು. ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದು ಅವರ ಮನೆಯಲ್ಲಿ ನಡೆದುಬಂದದ್ದಲ್ಲ; ಮೂವತ್ತೊಂದು ವರ್ಷ ‘ಏ ಇವಳೇ’ ಎಂದೇ ಸಂಸಾರ ಸಾಗಿತ್ತು. ರಷ್ಯನ್ ಸಂಜೆ ತರಗತಿಯ ಅಭ್ಯಾಸದಲ್ಲಿ ‘ಇವಳು ನನ್ನ ಹೆಂಡತಿ, ಇವಳ ಹೆಸರು...’ ಎಂಬ ವಾಕ್ಯವಿತ್ತು. ಮದುವೆಯಾದ ಮೇಲೆ ಆ ಖಾಲಿ ಜಾಗಕ್ಕೆ ಅವರು ಹೆಸರು ತುಂಬಿ, ಒಳಮನೆಗೆ ಕೇಳದ ಹಾಗೆ ಗಿಡಗಳ ಮುಂದೆ ದಿನಾ ಹೇಳಿಕೊಂಡಿದ್ದರು. ಪಾಠದ ದಿನಗಳಲ್ಲಿ ಅವರಿಂದಲೇ ಕೇಳಿದ್ದ ಕವನ ಅದನ್ನು ವಿವರಿಸಿದಾಗ ಗಿರಿಜಾಂಬನವರು ಸೆರಗಿನಿಂದ ಮುಖ ಒರೆಸಿಕೊಂಡು ಇಷ್ಟೇ ಹೇಳಿದರು:

“ನಮ್ಮವ್ವ ಹೋದ್ಮೇಲೆ ಹಂಗೆ ಕರೆದೋರೇ ಇರ್ನಿಲ್ಲ ಕಣವ್ವ.”

ಮನೆಗೆ ಬಂದ ಮೇಲೆ ಕಾರ್ಡುಗಳು ಹೊರಬಂದವು. ಜಗಲಿಯ ಮೇಲೆ ಕವನ ರಷ್ಯನ್ ಪದ ಓದುವುದು, ಅವರು ಕನ್ನಡ ಹುಡುಕುವುದು. ಸಿಕ್ಕ ಪದದ ಕಾರ್ಡನ್ನು ಗಿರಿಜಾಂಬನವರು ಒಂದು ಬಿಸ್ಕತ್ತಿನ ಡಬ್ಬಿಗೆ, ಸಿಗದ್ದನ್ನು ಇನ್ನೊಂದಕ್ಕೆ ಹಾಕುತ್ತಿದ್ದರು. ಎದೆ ಸಿಕ್ಕಿತು, ಮೊಣಕಾಲು ಸಿಕ್ಕಿತು, ಕಾವೇರಮ್ಮನ ಚಳುಕು ಸಿಕ್ಕಿತು. ಕವನ ತನ್ನ ಪರೀಕ್ಷೆಯನ್ನು ಆರು ತಿಂಗಳು ಮುಂದೆ ಹಾಕಿದಳು. ಇದು ಪಂಚಾಕ್ಷರಯ್ಯನವರಿಗೆ ಇಂದಿಗೂ ಗೊತ್ತಿಲ್ಲ, ಇಲ್ಲಿ ಓದಿ ತಿಳಿಯಲಿ.

ಒಂಬತ್ತನೆಯ ವಾರ, ಬಚ್ಚಲಿನಿಂದ ತಡೆಯಿಲ್ಲದೆ ಒಂದು ಪೂರ್ತಿ ವಾಕ್ಯ ಬಂತು: “ಏ ಇವಳೇ, ಟವಲ್ ಎಲ್ಲೈತೆ?”

ಕವನ ಸಂತೋಷದಿಂದ ಎದ್ದು ನಿಂತಳು. ಗಿರಿಜಾಂಬನವರು ಟವಲು ಕೊಟ್ಟು ಬಂದು ಮತ್ತೆ ಡಬ್ಬಿಯ ಮುಂದೆ ಕೂತರು. ಅಂದಿನಿಂದ ಆ ಹೆಸರು ಕೇಳಿಸಲಿಲ್ಲ. ಅದನ್ನೂ ಒಂದು ಕಾರ್ಡಿನಲ್ಲಿ ಬರೆದು ಓದಿಸೋಣವೇ ಎಂದಳು ಕವನ.

“ಓದ್ಸಿ ಕರೆಸ್ಕೊಳೋದಾ? ಬ್ಯಾಡ ಬುಡವ್ವ. ಕನ್ನಡ ಬಂತಲ್ಲ, ಅಷ್ಟು ಸಾಕು.”

ಅಭಿನಂದನ ಗ್ರಂಥದಲ್ಲಿ ಮನೆಯೊಳಗಿನ ಮಾತು ಬರೆಯುವ ವಾಡಿಕೆಯಿಲ್ಲ. ಗಿರಿಜಾಂಬನವರೇ ಬರೆಯಿರಿ ಎಂದದ್ದರಿಂದ ಬರೆದಿದೆ.

ಪಂಚಾಕ್ಷರಯ್ಯನವರು ಕೊನೆಯ ಎರಡು ತಿಂಗಳು ಕೆಲಸಕ್ಕೆ ಮರಳಿ, ತಮ್ಮ ಮೇಜಿನಿಂದಲೇ ನಿವೃತ್ತರಾಗುತ್ತಿದ್ದಾರೆ. ಭಾನುವಾರಗಳಲ್ಲಿ ಅವರ ಜಗಲಿಗೆ ಈಗ ಆರು ಮಂದಿ ರಷ್ಯನ್ ಕಲಿಯಲು ಬರುತ್ತಾರೆ. ಅವರು ನೂರು ವರ್ಷ ಬಾಳಲಿ, ಆ ಜಗಲಿ ಎಂದೂ ಖಾಲಿಯಾಗದಿರಲಿ, ಗಿಡಗಳಿಗೆ ನೀರು ಹಾಕುವಾಗ ಅವರ ದನಿ ಒಳಮನೆಯವರೆಗೂ ಕೇಳುತ್ತಿರಲಿ.

ಕಾರ್ಡುಗಳು ಸಾವಿರದ ನೂರ ನಲವತ್ತು. ಮರಳಿ ಬಂದ ಪದಗಳು ಸಾವಿರದ ನೂರ ಇಪ್ಪತ್ತಮೂರು. ಹೋದದ್ದು ಹದಿನೇಳು ಪದ, ಒಂದು ಹೆಸರು.