ನಟಿ ಬಗ್ಗಿದ ಮೆಟ್ಟಿಲು

ಬೆಳಿಗ್ಗೆ ಮೊಬೈಲಿನಲ್ಲಿ ಒಂದು ವಿಡಿಯೊ ಕಂಡೆ. ಧರಣಿ ಕೂತಿದ್ದ ನರೆಗೂದಲಿನ ಹೆಂಗಸೊಬ್ಬರನ್ನು ಪೊಲೀಸರು ಎತ್ತಿಕೊಂಡು ಹೋಗುತ್ತಿದ್ದರು. ಅರೆ, ಆ ಬಂಗಾಳಿ ನಟಿ! ಸಿನಿಮಾ ಬಿಟ್ಟು ಈಗ ಕೂಲಿ ಹೆಂಗಸರ ಪರ ಹೋರಾಡುತ್ತಾರಂತೆ.

ನಾನು ಚಿಕ್ಕವಳಿದ್ದಾಗ ಅವರು ಮೂಡಿಗೆರೆ ಹತ್ತಿರದ ನಮ್ಮ ತೋಟಕ್ಕೆ ಶೂಟಿಂಗಿಗೆ ಬಂದಿದ್ದರು. ಕಾಫಿ ಹಣ್ಣು ಕೊಯ್ಯುವ ನೃತ್ಯವೊಂದಿತ್ತು. ಗಿಡದ ಮೇಲೆ ಕೈ ಹೇಗೆ ಓಡಬೇಕೆಂದು ನಮ್ಮ ತೋಟದಾಳು ಶೇಷಿಯಿಂದ ಮೂರು ದಿನ ಕಲಿತರು. ಕೊನೆಗೆ, ಗೆಜ್ಜೆ ಕಟ್ಟುವ ಮೊದಲು, ಶೇಷಿಯನ್ನು ನಮ್ಮ ಜಗಲಿಯ ಮೆಟ್ಟಿಲ ಮೇಲೆ ಕೂರಿಸಿ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡರು!

“ಅಯ್ಯಯ್ಯೋ, ಬ್ಯಾಡಿ ಅಮ್ಮಾ!” ಶೇಷಿ ಕಾಲು ಹಿಂದಕ್ಕೆಳೆದುಕೊಂಡಳು.

ಈಕೆ ನನ್ನ ಗುರು ಎಂದು ಅವರು ಇಂಗ್ಲಿಷಿನಲ್ಲಿ ಹೇಳಿದರು. ಅಪ್ಪ ಅದನ್ನು ಶೇಷಿಗೆ ಕನ್ನಡದಲ್ಲಿ ಹೇಳಲೇ ಇಲ್ಲ.

ಅವರ ಕಾರು ಗೇಟು ದಾಟಿದ್ದೇ ತಡ, ಅಜ್ಜಿ ನನ್ನನ್ನು ಕರೆದರು. “ಎಂಥಾ ಅನಾಚಾರ ಮಾರಾಯ್ತಿ! ಒಂದ್ ಕೊಡ ನೀರು ತಗಂಡ್ ಬಾ, ಮೆಟ್ಲು ತೊಳೀಬೇಕು.”

ಶೇಷಿ ಇನ್ನೂ ಅಂಗಳದಲ್ಲೇ ನಿಂತಿದ್ದಳು.

ಈಗ ಮಗಳು ವಿಡಿಯೊ ಇಣುಕಿ ನೋಡಿ, “ಇವ್ರು ನಿಂಗೆ ಗೊತ್ತಾ ಅಮ್ಮ?” ಎಂದಳು.

“ನಮ್ಮನೆಗೆ ಬಂದಿದ್ರು” ಎಂದೆ. ಓಡಿ ಹೋಗಿ ನೀರು ತಂದುಕೊಟ್ಟವಳು ನಾನೇ ಎನ್ನಲು ಬಾಯಿ ಬರಲಿಲ್ಲ.