ನೊಣಗಳಿಗಾಗಿ ಡಿಡಿಟಿಯವರನ್ನು ತಡೆದೆ

ಗೆಳತಿಯರೇ, ಇಂದು ಬೆಳಿಗ್ಗೆ ರಾಣೆಬೆನ್ನೂರಿನ ನಮ್ಮ ಮನೆಗೆ ಡಿಡಿಟಿ ಹೊಡೆಯಲು ಮಲೇರಿಯಾದವರು ಬಂದರು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಒಳಗ ಬರಬ್ಯಾಡ್ರಿ. ನೊಣ ಅದಾವ."

ಪಂಪು ಹೊತ್ತವನು ಕಣ್ಣರಳಿಸಿದ. "ಅವು ಸಾಯ್ಲಿ ಅಂತನ ಬಂದೇವ್ರಿ ಅವ್ವಾರ! ಹ್ವಾದ ವರ್ಷ ಒಂದು ಮೂಲಿ ಬಿಟ್ಟಿದ್ದಕ್ಕ ನೀವಾ ಆಫೀಸಿಗೆ ಅರ್ಜಿ ಬರದಿದ್ರಿ."

ಬರೆದದ್ದು ನಿಜ. ಆದರೆ ಈ ಸಲ ಮೊಮ್ಮಗಳು ಶಾಂತಾ ನಡುಮನೆಯಲ್ಲಿ ಬಾಟಲಿಗಳನ್ನು ಸಾಲಾಗಿ ಇಟ್ಟಿದ್ದಾಳೆ. ಮುಪ್ಪು ಹೇಗೆ ಬರುತ್ತದೆಂಬುದು ಅವಳ ಸಂಶೋಧನೆ. ಈ ವರ್ಷವೇ ಅದಕ್ಕೆ ಸೇರಿದ್ದಾಳೆ. ಧಾರವಾಡದ ಹಾಸ್ಟೆಲಿಗೆ ರಜೆ ಬಿತ್ತೆಂದು ಹಣ್ಣಿನ ನೊಣಗಳ ಈ ಬಾಟಲಿಗಳನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳು. ಅವುಗಳಿಗೆ ರವೆ, ಬೆಲ್ಲದ ಗಂಜಿಯನ್ನು ನಾನೇ ಕುದಿಸಿಕೊಡುತ್ತೇನೆ. ಅವು ವಯಸ್ಸಾಗಿ ತಾವಾಗಿಯೇ ಸಾಯಬೇಕು. ಔಷಧಿ ತಾಗಿದರೆ ಹುಡುಗಿಯ ಎರಡು ತಿಂಗಳ ಕೆಲಸ ಮಣ್ಣುಪಾಲು.

"ಪಡಸಾಲಿಗರೆ ಹೊಡೀತೇನ್ರಿ."

"ವಾಸನಿ ಸಹಿತ ಒಳಗ ಬರಬಾರದು. ನಿಮ್ಮ ಸಾಹೇಬ್ರನ್ನ ಕರೀರಿ, ಅವರಿಗೂ ಹಿಂಗ ಹೇಳ್ತೇನಿ."

ಅವನು ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ 'ಹೊಡೆಸಿಲ್ಲ' ಎಂದು ಬರೆದ. ನಮ್ಮ ಮನೆತನಕ್ಕೆ ಇಂಥ ಬರಹ ಇದೇ ಮೊದಲು. ಇರಲಿ ಬಿಡಿ.

ಪಕ್ಕದ ಮನೆಗೆ ಹೊಡೆದ ವಾಸನೆ ಆಗಲೇ ತೇಲಿಬರುತ್ತಿತ್ತು. ಶಾಂತಾ ಒಂದೊಂದೇ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಎಲ್ಲಾ ಹಾರಾಡಾಕತ್ತಾವ ಆಯಿ!" ನನಗೂ ಹೋದ ಜೀವ ಬಂದಂತಾಯಿತು.

ಹೊರಗಿನಿಂದಲೇ ಇಣುಕಿ, ಸಂಶೋಧನೆ ಏನೆಂದು ಕೇಳಿ ತಿಳಿದ ಪಂಪಿನವನು ಅವಳಿಗೆ, "ಮುಪ್ಪಿನ ವಿಚಾರ ನೊಣಕ್ಕ ಯಾಕ ಕೇಳ್ತೀರಿ? ನಿಮ್ಮ ಆಯಿನ್ನ ಕೇಳ್ರಿ. ಅವರ ಹತ್ರ ಬರಾಕ ಮುಪ್ಪು ಅಂಜೈತಿ" ಎಂದ.

ಅವನಿಗೆ ಚಹಾ ಕೊಡಿಸಿದೆ. ಪಂಪನ್ನು ಮಾತ್ರ ರಸ್ತೆಯಾಚೆ ಇಡಿಸಿದೆ.