ಮಿರಗದ ಮಳೆಗೆ ಮುಚ್ಚಿದ ಕಾದಂಬರಿ

ಬೇಸಿಗೆಯಲ್ಲಿ ಓದುವವನಿಗೆ ಒಂದು ಕೈ ಕಡಿಮೆ ಬೀಳುತ್ತದೆ. ಒಂದರಲ್ಲಿ ಪುಸ್ತಕ, ಇನ್ನೊಂದರಲ್ಲಿ ಬೆವರು ಒರೆಸುವ ಟವೆಲ್ಲು. ಫ್ಯಾನಿನ ಗಾಳಿಗೆ ಹಾರುವ ಪುಟವನ್ನು ಒತ್ತಿ ಹಿಡಿಯುವವರು ಯಾರು? ಆಳಂದದ ಬಿಸಿಲಿನಲ್ಲಿ ನಾನು ಕಂಡುಕೊಂಡ ಪರಿಹಾರವೆಂದರೆ ಕನ್ನಡಕದ ಡಬ್ಬಿಯನ್ನು ಪುಟದ ಮೇಲಿಡುವುದು. ಆಗ ಕೆಲವು ಸಾಲುಗಳು ಮುಚ್ಚಿಹೋಗುತ್ತವೆ ನಿಜ. ಅವನ್ನು ಓದದೆಯೇ ಅಭಿಪ್ರಾಯ ಹೇಳುವುದು ವಿಮರ್ಶಕರಿಗಷ್ಟೇ ಸಾಧ್ಯ.

ಶಾಲೆಯ ಗಂಟೆಗೆ ತಕ್ಕಂತೆ ಜೀವಮಾನವೆಲ್ಲ ಎದ್ದು ಕೂತ ನಾನು, ನಿವೃತ್ತಿಯ ನಂತರ ಓದಿಗೂ ಒಂದು ವೇಳಾಪಟ್ಟಿ ಹಾಕಿಕೊಂಡಿದ್ದೇನೆ. ಬೇಸಿಗೆಯ ನಸುಕಿನಲ್ಲಿ ಮಾಳಿಗೆಯ ಮೇಲೆ ಇತಿಹಾಸ. ಮಧ್ಯಾಹ್ನ ಬಾಗಿಲು ಹಾಕಿದ ಕೋಣೆಯಲ್ಲಿ ಪ್ರವಾಸಕಥನ, ಅದೂ ಹಿಮಾಲಯದ್ದೇ ಆಗಬೇಕು. ಮಳೆಗಾಲಕ್ಕೆ ಕಾದಂಬರಿಗಳು. ಚಳಿಗಾಲಕ್ಕೆ ತತ್ವಶಾಸ್ತ್ರ, ಏಕೆಂದರೆ ಕಂಬಳಿಯೊಳಗೆ ಅರ್ಥ ಹೊಳೆಯದಿದ್ದರೂ ನಿದ್ದೆಯಂತೂ ಬೆಚ್ಚಗೆ ಬರುತ್ತದೆ. ಹಿಡಿದದ್ದನ್ನು ಮುಗಿಸದೆ ಇನ್ನೊಂದನ್ನು ಮುಟ್ಟಬಾರದೆಂಬುದು ಈ ಮನೆಯ ಕಾನೂನು.

ನಿಂಬರ್ಗಾದಲ್ಲಿರುವ ನನ್ನ ಅಕ್ಕನಿಗೆ ಇಂಥ ಕಾನೂನುಗಳಿಲ್ಲ. ಜೋಳದ ರಾಶಿ ಮುಗಿದ ಮೇಲೆ ಒಂದು ದಪ್ಪ ಕಾದಂಬರಿ ಹಿಡಿಯುತ್ತಾಳೆ. ಮಳೆ ಬಿದ್ದ ದಿನ ಬಿಡುತ್ತಾಳೆ. ಈ ಸಲ ನಾನೇ ಕೊಟ್ಟ ಕಾದಂಬರಿ, ಬಾವಿಯ ನೀರಿನ ಪಾಳಿಗಾಗಿ ಜಗಳವಾಡಿ ಮಾತು ಬಿಟ್ಟ ಇಬ್ಬರು ಅಕ್ಕತಂಗಿಯರ ಕತೆ. ಕೊನೆಯ ಅಧ್ಯಾಯವೊಂದು ಉಳಿದಿದೆ ಎನ್ನುವಾಗ ಮಿರಗದ ಮಳೆ, ಅಂದರೆ ಬಿತ್ತನೆಗೆ ಕಾಯುವ ಮೃಗಶಿರದ ಮಳೆ, ಹೊಯ್ದಿತು. ಅಕ್ಕ ಪುಸ್ತಕ ಮುಚ್ಚಿ ತೊಗರಿಬೀಜದ ಚೀಲ ಬಿಚ್ಚಿದಳು.

"ಒಂದು ತಾಸಿನ ಕೆಲಸ ಅಕ್ಕಾ, ಮುಗಿಸಿಬಿಡು," ಎಂದೆ.

"ನೆಲದ ಹಸಿ ಆರ್ತದಲೇ ತಮ್ಮಾ. ಪುಸ್ತಕ ಎಲ್ಲಿಗಿ ಓಡಿ ಹೋಗ್ತದ? ನೀ ಮಾತ್ರ ಕಡೀಗಿ ಏನಾತಂತ ಬಾಯಿ ಬಿಟ್ಟಿ ಅಂದ್ರ ನಮ್ಮ ಮನಿ ಕಡಿ ಹಾಯಬ್ಯಾಡ!"

ಸಂಕಟ ಶುರುವಾದದ್ದೇ ಇಲ್ಲಿ. ನಾನು ಅದನ್ನು ಮೊದಲೇ ಓದಿದ್ದೆ, ಮತ್ತು ಅದರ ಕೊನೆ ಬಹಳ ಸಪ್ಪೆ. ಎಲ್ಲೂ ಇಲ್ಲದ ಒಂದು ಜ್ವರ ಬಂದು ದೊಡ್ಡವಳು ಸಾಯುತ್ತಾಳೆ, ಚಿಕ್ಕವಳು ಅಳುತ್ತಾಳೆ, ಕತೆ ಮುಗಿಯುತ್ತದೆ. ಅಷ್ಟಕ್ಕಾಗಿ ಅಕ್ಕ ಇಡೀ ಮಳೆಗಾಲ ಕಾಯಬೇಕೇ?

ಕಳೆ ತೆಗೆಯುವ ಹೊತ್ತಿಗೆ ಹೊಲಕ್ಕೆ ಹೋದೆ. ತೊಗರಿಯ ಸಾಲಿನಲ್ಲಿ ಅಕ್ಕ. ಪಕ್ಕದಲ್ಲಿ ಬಾಜೂ ಹೊಲದ ರಸೂಲಬಿ. ಪುಸ್ತಕ ಓದದಿದ್ದರೂ ಅಕ್ಕನ ಬಾಯಿಂದ ಕತೆಯನ್ನೆಲ್ಲ ಕೇಳಿದವಳು ಅವಳು.

"ಸಣ್ಣಾಕಿನೇ ಮೊದಲ ಮಾತಾಡ್ಬೇಕು," ಅನ್ನುತ್ತಿದ್ದಳು ಅಕ್ಕ.

"ಯಾಕ ಮಾತಾಡ್ತಾಳ್ರಿ? ಬಾವಿ ಹಗ್ಗ ಕೊಯ್ದಾಕಿ ದೊಡ್ಡಾಕಿ. ಪೈಲೆ ಆಕಿನೇ ಬರ್ಲಿ." ರಸೂಲಬಿ ನನ್ನತ್ತ ತಿರುಗಿದಳು. "ಮಾಸ್ತರ್ ಮಾರಿ ನೋಡ್ರಿ, ರಿಜಲ್ಟ್ ಗೊತ್ತಿದ್ದೂ ಹೇಳದಂಗ ಹೆಂಗ ಬಿಗಿದಾರ!"

ಹಿಂದಿರುಗುವ ಬಸ್ಸಿನಲ್ಲಿ, ಆ ಮಳೆಗಾಲದಲ್ಲಿ ವೇಳಾಪಟ್ಟಿಯ ಪ್ರಕಾರ ನಾನು ಮುಗಿಸಿದ್ದ ಕಾದಂಬರಿಗಳ ನಾಯಕಿಯರನ್ನು ನೆನಪಿಸಿಕೊಳ್ಳಲು ಹೊರಟೆ. ಒಬ್ಬಳ ಹೆಸರೂ ಬಾಯಿಗೆ ಬರಲಿಲ್ಲ. ಅತ್ತ ಮುಚ್ಚಿಟ್ಟ ಪುಸ್ತಕದ ಅಕ್ಕತಂಗಿಯರು ನಿಂಬರ್ಗಾದ ಓಣಿಯವರೇ ಆಗಿಬಿಟ್ಟಿದ್ದರು. ನಾನು ಋತುವಿಗೆ ತಕ್ಕ ಪುಸ್ತಕ ಆರಿಸುವವನು. ಅಕ್ಕ ಒಂದೇ ಪುಸ್ತಕಕ್ಕೆ ಋತುಗಳನ್ನೆಲ್ಲ ಕಾಣಿಸುವವಳು. ಯಾರದು ದೊಡ್ಡ ಓದೆಂದು ನೀವೇ ಹೇಳಿ.

ಎಳ್ಳಮಾವಾಸ್ಯೆಯ ದಿನ ಹೊಲದಲ್ಲೇ ಊಟ. ಸಜ್ಜೆರೊಟ್ಟಿ, ಬಜ್ಜಿಪಲ್ಯ ಉಂಡು ಬೇವಿನ ನೆರಳಿಗೆ ಕೂತಾಗ ಅಕ್ಕ ಬುತ್ತಿಯ ಗಂಟಿನಿಂದ ಕಾದಂಬರಿ ತೆಗೆದು ನನ್ನ ಕೈಗಿತ್ತಳು. "ಮಾಸ್ತರ ಇದ್ದಿ, ಜೋರಾಗಿ ಓದು. ರಸೂಲಬೀನೂ ಕೇಳ್ತಾಳ."

ಜ್ವರ ಬರುವ ಪುಟಕ್ಕೆ ಬಂದಾಗ ತಲೆ ಎತ್ತಿ ನೋಡಿದೆ. ಇಬ್ಬರೂ ಕಣ್ಣು ಮಿಟುಕಿಸದೆ ಕೂತಿದ್ದರು. ನಾನೇ ಒಂದು ಚೆಂದದ ಮುಕ್ತಾಯ ಕಟ್ಟಿ ಹೇಳಿಬಿಡಲೇ ಅನ್ನಿಸಿತು. ಆದರೆ ಅಷ್ಟು ತಿಂಗಳು ಕಾದವರಿಗೆ ಸುಳ್ಳು ಓದುವ ಧೈರ್ಯ ಬರಲಿಲ್ಲ. ಇದ್ದದ್ದನ್ನು ಇದ್ದಂತೆ ಓದಿ ತಲೆ ತಗ್ಗಿಸಿ ಕೂತೆ.

"ಜ್ವರಾ?" ಎಂದಳು ರಸೂಲಬಿ. "ಇಷ್ಟು ದಿನ ನಾವು ಕಾದದ್ದು ಜ್ವರಕ್ಕೇನ್ರಿ?"

ಅಕ್ಕನ ಹೆಗಲು ಕುಲುಕತೊಡಗಿತು. ಅಳುತ್ತಿದ್ದಾಳೆಂದು ಗಾಬರಿಯಾದರೆ, ನಗುತ್ತಿದ್ದಳು.

"ಬರ್ದಂವಗ ಅವಸರ ಇತ್ತು ಕಾಣ್ತದ. ನಡುವ ಒಂದು ಮಳಿಗಾಲ ಬಿಟ್ಟು ಬರೀಬೇಕಿತ್ತು. ದೊಡ್ಡಾಕಿ ಸತ್ತಿಲ್ಲ ತಗೋ ರಸೂಲಬಿ, ಬಾವಿ ಕಟ್ಟಿ ಮ್ಯಾಲ ಕುಂತಾಳ."

"ಕುಂತಿರ್ಲಿ. ಆದ್ರ ಪೈಲೆ ಆಕಿನೇ ಮಾತಾಡ್ಬೇಕು."

"ಯಾಕಂತ? ಹಿರ್ಯಾಕಿ ಆಕಿ!"

ಮತ್ತೆ ಶುರುವಾಯಿತು. ಸ್ವಲ್ಪ ಹೊತ್ತಿಗೆ ಇಬ್ಬರೂ ಪಂಚಾಯ್ತಿಗೆ ನನ್ನನ್ನು ಎಳೆದರು. "ನೀ ಹೇಳಪ್ಪಾ, ಯಾರು ಮೊದಲ ಮಾತಾಡ್ತಾರ?"

ಯಾವ ಪ್ರಶ್ನೆಗಾದರೂ ಕೂಡಲೇ ಉತ್ತರಿಸಿ ರೂಢಿಯಾದ ನಾನು ಕಾದಂಬರಿಯನ್ನು ಮತ್ತೆ ಬುತ್ತಿಯ ಗಂಟಿಗೆ ಸೇರಿಸಿದೆ.

"ಮುಂದಿನ ಮಿರಗದ ತನಕ ಟೈಮ್ ಕೊಡ್ರಿ," ಎಂದೆ.